ನಾನು ಕೊಡಿ ಎಂದ ಲೈನು

ಎಸ್ಟೇಟಿನಲ್ಲಿ ಲೈನು ಎಂದರೆ ಒಂದೇ ಅರ್ಥ, ಕೂಲಿಯವರ ಸಾಲುಮನೆ. ಸಿದ್ದಾಪುರದ ಹತ್ತಿರದ ಆ ಕಾಫಿ ಎಸ್ಟೇಟಿಗೆ ರೈಟರಾಗಿ, ಅಂದರೆ ಗುಮಾಸ್ತನಾಗಿ, ಸೇರಿದ ಮೊದಲ ವಾರವೇ ನಾನು ಅದನ್ನು ಕಲಿತೆ. ಲೈನಿನಲ್ಲಿ ಜ್ವರ, ಲೈನಿನಲ್ಲಿ ಜಗಳ, ಲೈನಿಗೆ ನೀರಿಲ್ಲ, ಇವತ್ತು ಲೈನಿನಿಂದ ಆಳು ಕಡಿಮೆ, ಹೀಗೆ ದಿನಕ್ಕೆ ನೂರು ಸಲ ಆ ಪದ ನನ್ನ ಬಾಯಲ್ಲಿ ಓಡಾಡುತ್ತಿತ್ತು. ಅದಕ್ಕೆ ಬೇರೆ ಅರ್ಥವೂ ಇದೆಯೆಂದು ನಿನಗೆ ಗೊತ್ತಿರಲಿಲ್ಲವೇ ಎಂದು ಯಾರಾದರೂ ಕೇಳಿದರೆ, ಗೊತ್ತಿತ್ತು ಎಂದೇ ಹೇಳಬೇಕು. ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ನೆನಪಾಗಲಿಲ್ಲ. ಈ ವಯಸ್ಸಿನಲ್ಲೂ ನನಗೆ ನನ್ನ ಮೇಲೆ ಬರುವ ಸಿಟ್ಟೆಲ್ಲ ಆ ಒಂದು ಗಳಿಗೆಯದು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ನಮ್ಮ ಆಫೀಸಿನಲ್ಲಿ ಹಳೆಯ ಅಚ್ಚಿನ ಹಾಳೆಗಳು ಕಟ್ಟುಗಟ್ಟಲೆ ಉಳಿದಿದ್ದವು. ವಿಳಾಸದ ಕೊನೆಯಲ್ಲಿ 'ಕೂರ್ಗ್' ಎಂದು ಅಚ್ಚಾಗಿದ್ದುದನ್ನು ಹೊಡೆದು ಪಕ್ಕದಲ್ಲಿ 'ಮೈಸೂರು ರಾಜ್ಯ' ಎಂದು ಬರೆಯುವುದು ನನ್ನ ಕೆಲಸಗಳಲ್ಲಿ ಒಂದು. ಒಂದೇ ಗೆರೆ, ನೇರವಾಗಿ, ಹೊಡೆದ ಅಕ್ಷರ ಓದಲು ಸಿಗುವ ಹಾಗೆ ಇರಬೇಕೆಂದು ಯಜಮಾನರ ಕಟ್ಟಪ್ಪಣೆ. ಕುಶಾಲನಗರದ ಹತ್ತಿರದ ರೈತರ ಮನೆಯ ಹುಡುಗ ನಾನು. ನಮ್ಮ ಹಿರಿಯರು ಹಾಸನ ಕಡೆಯಿಂದ ಬಂದು ಅಲ್ಲಿ ನೆಲೆ ನಿಂತವರು. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ ಆಗಿದ್ದರಿಂದ ತಲೆ ಸ್ವಲ್ಪ ಮೇಲೆಯೇ ಇತ್ತು. ಗೆರೆ ಹೊಡೆಯುವುದನ್ನೂ ದೊಡ್ಡ ಅಧಿಕಾರ ಎಂದುಕೊಂಡಿದ್ದೆ.

ಯಜಮಾನರು ತೋಟವನ್ನು ಊರು ಬಿಟ್ಟು ಹೊರಟ ಬಿಳಿಯ ದೊರೆಯಿಂದ ಕೊಂಡಿದ್ದರು. ಜನ ಅವರನ್ನೂ ದೊರೆ ಎಂದೇ ಕರೆಯುತ್ತಿದ್ದರು, ಅವರೂ ಬೇಡವೆನ್ನಲಿಲ್ಲ. ಸರ್ಕಾರದ ಕರೆಂಟು ನಮ್ಮ ಕಡೆಗೆ ಬಂದಿರಲಿಲ್ಲ. ಬರುವುದನ್ನು ಕಾಯುತ್ತ ಕೂರುವ ಪೈಕಿ ಅವರಲ್ಲ. ತೋಟಕ್ಕೆ ನಾವೇ ದೀಪದ ಯಂತ್ರ ಕಟ್ಟೋಣ ಎಂದರು. ಬಂಗಲೆಗೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ, ಲೈನಿನ ಪ್ರತಿ ಮನೆಗೂ ಒಂದೊಂದು ಬಲ್ಬು. ಲೈನಿಗೂ ಕೊಡುತ್ತೇನೆಂದು ಅವರು ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವ ಮಸ್ಟರಿನ ಹೊತ್ತಿಗೆ ಎಲ್ಲರ ಎದುರು ಹೇಳಿದರು. ಅದನ್ನು ತಮಿಳಿನಲ್ಲಿ ಮತ್ತೊಂದು ಸಲ ಹೇಳಿದವನು ನಾನು.

ಯಂತ್ರವನ್ನು ಕಟ್ಟುವುದು ಎಂದರೆ ನಿಜಕ್ಕೂ ಕಟ್ಟುವುದೇ. ಡೀಸೆಲ್ ಎಂಜಿನ್ನು ಬಾಳೆಲೆ ಕಡೆಯ ಒಂದು ತೋಟದಲ್ಲಿ ನೀರೆತ್ತಿ ಮುದಿಯಾದದ್ದು. ಡೈನಮೋ, ಬಾಗಿಲು ಹಾಕಿಕೊಂಡ ಒಂದು ಟೂರಿಂಗ್ ಟಾಕೀಸಿನದು. ಬೋರ್ಡು ಮಾತ್ರ ಹೊಸದು, ನಮ್ಮ ಆಚಾರಿ ಬೀಟೆ ಹಲಗೆಯಲ್ಲಿ ಮಾಡಿದ್ದು. ಅದರ ಮೇಲೆ ಒಂದು ದೊಡ್ಡ ಮೇನ್ ಸ್ವಿಚ್ಚು, ಕೆಳಗೆ ಮೂರು ಚಿಕ್ಕವು. ಯಾವುದು ಎಲ್ಲಿಗೆ ಎಂದು ತಿಳಿಯಲಿ ಎಂದು ನಾನೇ ಬಿಳಿ ಬಣ್ಣದಲ್ಲಿ ಹೆಸರು ಬರೆದೆ. ಮೊದಲನೆಯದು 'ಬಂಗಲೆ', ಎರಡನೆಯದು 'ಪಲ್ಪರ್', ಮೂರನೆಯದು 'ಲೈನ್'. ಅಕ್ಷರ ಚೆನ್ನಾಗಿ ಬಂದಿದೆಯೆಂದು ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಸಂತೋಷಪಟ್ಟದ್ದೂ ನೆನಪಿದೆ.

ಈ ಬೇರೆ ಬೇರೆ ಮನೆಯ ಸಾಮಾನುಗಳನ್ನು ಒಂದುಗೂಡಿಸಿದವನು ಫಿಟ್ಟರ್. ಕಣ್ಣೂರು ಕಡೆಯವನು, ಮೂವತ್ತು ದಾಟಿರಲಿಲ್ಲ. ಹಿಂದಿನ ವರ್ಷ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಹೆಂಡತಿಯ ಜೊತೆ ಬಂದಿದ್ದ. ಒಂದು ದಿನ ಪಲ್ಪರ್ ಕೈಕೊಟ್ಟಾಗ ಯಾರೂ ಹೇಳದೆಯೇ ಅದರ ಕೆಳಗೆ ನುಗ್ಗಿ ಸರಿಮಾಡಿದ. ಇವನನ್ನು ಬಿಡಬಾರದು ಎಂದು ದೊರೆಯ ಹತ್ತಿರ ಹೇಳಿ ಉಳಿಸಿಕೊಂಡವನು ನಾನೇ. ಹೆಂಡತಿ ತೋಟದಲ್ಲಿ ಕೆಲಸ ಮಾಡುತ್ತಿದ್ದಳು, ಇಬ್ಬರಿಗೂ ಲೈನಿನ ಕೊನೆಯ ಮನೆ ಕೊಟ್ಟಿದ್ದೆವು. ಯಂತ್ರ ಓಡಿದರೆ ಅವನಿಗೆ ಫಿಟ್ಟರ್ ಎಂದು ಕಾಯಂ ಕೆಲಸ. ಆ ಮಾತನ್ನೂ ದೊರೆ ಎಲ್ಲರ ಎದುರೇ ಹೇಳಿದ್ದರು.

ತಂತಿ ಎಳೆಯುವಾಗ ಒಂದು ಚರ್ಚೆಯಾಯಿತು. ಕಂಬ ಬೇಕು ಎಂದು ಫಿಟ್ಟರ್ ಹೇಳಿದ. ತೋಟದ ತುಂಬ ಸಿಲ್ವರ್ ಓಕ್ ಮರ ನಿಂತಿರುವಾಗ ಕಂಬಕ್ಕೆ ಯಾಕೆ ಮರ ಕಡಿಯಬೇಕು ಎಂದರು ದೊರೆ. ಮರಕ್ಕೇ ಕಬ್ಬಿಣದ ಪಟ್ಟಿ ಬಿಗಿದು, ಪಟ್ಟಿಗೆ ಪಿಂಗಾಣಿ ಕೂರಿಸಿ, ತಂತಿ ಹಾಯಿಸಿದರೆ ಆಯಿತು ಎಂಬುದು ಅವರ ಲೆಕ್ಕ. ಫಿಟ್ಟರ್ ಆಮೇಲೆ ಆಫೀಸಿಗೆ ಬಂದು ನನ್ನ ಹತ್ತಿರ ಹೇಳಿದ.

"ಕಂಬ ಆಡುದಿಲ್ಲ ರೈಟರೇ, ಮರ ಆಡ್ತದೆ. ಗಾಳಿಗೆ ಆಡ್ತದೆ, ತಂತಿ ತಿನ್ತದೆ. ದೊರೆಗೆ ನೀವು ಒಂದು ಮಾತು ಹೇಳ್ಬೇಕಿತ್ತು."

ನಾನು ಹೇಳಲಿಲ್ಲ. ಕಾಯಂ ಆಗುವವರೆಗೆ ನಿನ್ನ ಜಾಣತನವನ್ನು ಜೇಬಿನಲ್ಲಿ ಇಟ್ಟುಕೋ ಮಾರಾಯ ಎಂದು ಅವನಿಗೇ ಬುದ್ಧಿ ಹೇಳಿ ಕಳಿಸಿದೆ. ಅವನಿಗೆ ಒಳ್ಳೆಯದು ಮಾಡಿದೆ ಎಂದೇ ಅಂದುಕೊಂಡಿದ್ದೆ.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಪೂಜೆ ಮಾಡಿ ಎಂಜಿನ್ನಿಗೆ ಹಿಡಿಕೆ ಹಾಕಿ ತಿರುಗಿಸಿದರು. ಹತ್ತಿತು. ಫಿಟ್ಟರ್ ಮೇನ್ ಸ್ವಿಚ್ಚು ಮೇಲೆತ್ತಿದ. ಬಂಗಲೆಯ ಜಗಲಿಯಲ್ಲಿ ಬಲ್ಬು ಬೆಳಗಿತು, ಪಲ್ಪರ್ ಮನೆಯಲ್ಲಿ ಬೆಳಗಿತು. ಚಪ್ಪಾಳೆ ಮುಗಿಯುವುದರೊಳಗೆ ಎಂಜಿನ್ನು ನರಳಿತು, ಕಪ್ಪು ಹೊಗೆ ಕಾರಿತು, ನಿಂತುಹೋಯಿತು. ಮತ್ತೆ ತಿರುಗಿಸಿದರೆ ಹತ್ತುತ್ತದೆ, ಸ್ವಿಚ್ಚು ಎತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಸಾಯುತ್ತದೆ. ಲೈನಿನ ಸರದಿ ಬರಲೇ ಇಲ್ಲ. ಬಾಗಿಲಲ್ಲಿ ಕಾದು ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಕೆಲಸಕ್ಕೆ ಹೋದರು.

ಅಲ್ಲಿಂದ ಮೂರು ವಾರ ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ. ಮೊದಲು ಡೀಸೆಲ್ ಮೇಲೆ ಅನುಮಾನ. ಟ್ಯಾಂಕು ತೊಳೆದು ಹೊಸ ಎಣ್ಣೆ ಹಾಕಿದೆವು. ಆಮೇಲೆ ಬೆಲ್ಟು ಜಾರುತ್ತಿದೆ ಎಂದು ಬಿಗಿ ಮಾಡಿದೆವು. ಡೈನಮೋದ ಬ್ರಷ್ಷು ಸವೆದಿದೆ ಎಂದು ಮೈಸೂರಿನಿಂದ ತರಿಸಿ ಬದಲಾಯಿಸಿದೆವು. ನಾನು ಎಂಜಿನ್ನಿನ ಇಂಗ್ಲಿಷ್ ಪುಸ್ತಕವನ್ನು ಇಟ್ಟುಕೊಂಡು ಪುರಾಣ ಓದುವವನ ಗತ್ತಿನಲ್ಲಿ ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳುತ್ತಿದ್ದೆ. ಫಿಟ್ಟರ್ ಕೆಳಗೆ ಮಲಗಿ ಹೂಂ, ಹೂಂ ಎನ್ನುತ್ತ ಮಾಡುತ್ತಿದ್ದ. ತಮಾಷೆಯೆಂದರೆ ನಡುಮಧ್ಯಾಹ್ನ ಬಿಸಿಲಿದ್ದಾಗ ಒಮ್ಮೊಮ್ಮೆ ಯಂತ್ರ ಗಂಟೆಗಟ್ಟಲೆ ಓಡುತ್ತಿತ್ತು. ಮಂಜು ಬಿದ್ದ ಬೆಳಿಗ್ಗೆ, ಗಾಳಿ ಬೀಸುವ ಸಂಜೆ ಹಟ ಹಿಡಿಯುತ್ತಿತ್ತು. ಸಿನಿಮಾದ ಡೈನಮೋ ಅಲ್ಲವೇ, ಒಂದು ಹಾಡು ಹಾಕಿದರೆ ಓಡುತ್ತದೆ ಎಂದು ಲೈನಿನವರು ನಗಾಡಿದರು. ಫಿಟ್ಟರನೂ ನಗುತ್ತಿದ್ದ, ಆದರೆ ಅವನ ಕೆನ್ನೆ ಒಳಗೆ ಹೋಗಿತ್ತು.

ಫ್ಯೂಸು ಪದೇ ಪದೇ ಸುಟ್ಟುಹೋಗುತ್ತಿತ್ತು. ಸುಡದ ಹಾಗೆ ದಪ್ಪ ತಂತಿ ಹಾಕಿಬಿಡು ಎಂದರು ದೊರೆ. ಅದು ಸರಿಯಲ್ಲ ಎಂದು ಫಿಟ್ಟರನ ಮುಖ ಹೇಳುತ್ತಿತ್ತು. ನಾನು ಹಾಕು ಎಂದು ಕಣ್ಣಿನಲ್ಲೇ ಸನ್ನೆ ಮಾಡಿದೆ, ಹಾಕಿದ.

ಅವನ ಮನೆಯ ಮುಂದೆ ಹಾದುಹೋಗುವಾಗ ಒಳಗೆ ತೂಗುತ್ತಿದ್ದ ಬಲ್ಬು ಕಾಣಿಸುತ್ತಿತ್ತು. ಲೈನಿನಲ್ಲಿ ಎಲ್ಲರಿಗಿಂತ ಮೊದಲು ಬಲ್ಬು ತೂಗುಹಾಕಿದವನು ಅವನು. ಬಂಗಲೆಯವರು ಅಂಚು ಒಡೆದಿದೆಯೆಂದು ಎಸೆದಿದ್ದ ಗಾಜಿನ ಬುರುಡೆಯೊಂದನ್ನು ತೊಳೆದು ಅದಕ್ಕೆ ಕೂರಿಸಿದ್ದ. ಒಲೆಯ ಹೊಗೆಗೆ ಅದು ಕಪ್ಪಾಗುತ್ತದೆ ಎಂದು ಅವನ ಹೆಂಡತಿ ದಿನಾ ಸೆರಗಿನಿಂದ ಒರೆಸುತ್ತಿದ್ದಳು. ಉರಿಯದ ದೀಪಕ್ಕೆ ಇಷ್ಟು ಉಪಚಾರವೇ ಎಂದು ಒಮ್ಮೆ ಕೇಳಿದೆ. ಉರಿಯುವ ದಿನ ಕೊಳೆ ಇರಬಾರದಲ್ಲ ಎಂದಳು.

ಕಾಫಿ ಹಣ್ಣಾಗುತ್ತ ಬಂತು. ದೊರೆ ನನ್ನನ್ನು ಕರೆಸಿ, ಮೈಸೂರಿನಿಂದ ಒಬ್ಬ ಮೆಕ್ಯಾನಿಕ್ ಬರುತ್ತಾನೆ, ಒಂದು ದಿನ ಇರುತ್ತಾನೆ ಎಂದರು. ಅವನ ಕೈಯಲ್ಲೂ ಆಗದಿದ್ದರೆ ಎಲ್ಲವನ್ನೂ ಗುಜರಿಗೆ ಹಾಕುವುದು, ಪಿಕ್ಕಿಂಗ್ ಶುರುವಾಗುವ ಮೊದಲು ಫಿಟ್ಟರ್ ಮನೆ ಖಾಲಿ ಮಾಡುವುದು. ಇದನ್ನು ಫಿಟ್ಟರನಿಗೆ ನಾನೇ ಹೇಳಬೇಕಾಯಿತು. ಅವನು ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಮಡಿಸಿ, ಮತ್ತೆ ಮಡಿಸಿ, ಜೇಬಿಗೆ ಹಾಕಿಕೊಂಡ. ಊರಿಗೆ ಹೋದರೆ ಅಲ್ಲಿ ಏನೂ ಇಲ್ಲ ಎಂದಷ್ಟೇ ಹೇಳಿದ.

ಮೆಕ್ಯಾನಿಕ್ ಬೆಳಗಿನ ಬಸ್ಸಿಗೆ ಬಂದರು. ಐವತ್ತರ ಆಸುಪಾಸಿನ ದಪ್ಪ ಮನುಷ್ಯ, ಬಾಯ್ತುಂಬ ಎಲೆಯಡಿಕೆ, ಕೈಯಲ್ಲಿ ಚರ್ಮದ ಚೀಲ. ನಾವು ಏನೇನು ಬದಲಾಯಿಸಿದೆವು ಎಂದು ನಾನು ಪಟ್ಟಿ ಒಪ್ಪಿಸಲು ಹೋದರೆ ಕೈಯೆತ್ತಿ ತಡೆದರು. "ಅದೆಲ್ಲ ಇರ್ಲಿ ಸ್ವಾಮಿ. ಮೊದ್ಲು ಎಲ್ಲಾ ಬಿಚ್ಚೋಣ. ಬರೀ ಎಂಜಿನ್ನು, ಡೈನಮೋ. ಅದು ನೆಟ್ಟಗೆ ಓಡಿದ್ರೆ ಒಂದೊಂದೇ ಸೇರಿಸ್ತಾ ಹೋಗೋದು. ಯಾವ್ದು ಸೇರಿಸ್ದಾಗ ಕೆಡುತ್ತೋ ಅದೇ ಕಳ್ಳ."

ಇಷ್ಟು ಸರಳವಾದದ್ದು ಮೂರು ವಾರ ನಮ್ಮ ತಲೆಗೆ ಹೊಳೆದಿರಲಿಲ್ಲ. ನನ್ನ ಇಂಗ್ಲಿಷ್ ಪುಸ್ತಕವನ್ನು ಒಲೆಗೇ ಹಾಕಬೇಕು ಅನ್ನಿಸಿತು.

ಎಂಜಿನ್ನಿನ ಮನೆ ಎಂದರೆ ತಗಡಿನ ಗೋಡೆಯ ಒಂದು ಕೊಟ್ಟಿಗೆ, ಕಿಟಕಿಯಿಲ್ಲ, ಒಂದೇ ಬಾಗಿಲು. ಒಳಗೆ ಬೋರ್ಡಿನ ಮುಂದೆ ಮೆಕ್ಯಾನಿಕ್. ಹೊರಗೆ ಫಿಟ್ಟರ್. ಎಂಜಿನ್ನಿನ ಗದ್ದಲದಲ್ಲಿ ಹೊರಗಿನ ಮಾತು ಒಳಗಿನವರಿಗೆ ಕೇಳುವುದಿಲ್ಲವೆಂದು ಬಾಗಿಲಲ್ಲಿ ನಾನು. ಇವರ ಮೈಸೂರು ಕನ್ನಡವನ್ನು ಅವನಿಗೆ, ಅವನ ಮಲಯಾಳ ಬೆರೆತ ಕನ್ನಡವನ್ನು ಇವರಿಗೆ ಮುಟ್ಟಿಸುವುದು ನನ್ನ ಕೆಲಸ. ಎಸ್ಟೇಟಿನ ರೈಟರ್ ವರ್ಷವಿಡೀ ಮಾಡುವುದೂ ಅದನ್ನೇ.

ಬರೀ ಎಂಜಿನ್ನು, ಡೈನಮೋ ಒಂದು ಗಂಟೆ ಓಡಿದವು, ಏನೂ ಆಗಲಿಲ್ಲ. ಮೇನ್ ಎತ್ತಿ 'ಪಲ್ಪರ್' ಎತ್ತಿದರು, ಅದಕ್ಕೂ ಏನೂ ಆಗಲಿಲ್ಲ. ಆಮೇಲೆ 'ಬಂಗಲೆ' ಎತ್ತಿದರು. ಹೊರಗೆ ಗಾಳಿ ಬೀಸುತ್ತಿತ್ತು. ಎಂಜಿನ್ನು ನರಳಿತು. ಅದು ಸಾಯುವ ಮೊದಲೇ ಮೆಕ್ಯಾನಿಕ್ ಮೇನ್ ಸ್ವಿಚ್ಚನ್ನು ಕೆಳಕ್ಕೆ ಎಳೆದರು. ಎಂಜಿನ್ನು ಚೇತರಿಸಿಕೊಂಡು ಓಡತೊಡಗಿತು. 'ಬಂಗಲೆ' ಎಂದು ಬರೆದಿದ್ದ ಚಿಕ್ಕ ಸ್ವಿಚ್ಚು ಮೇಲೆಯೇ ಉಳಿಯಿತು. ಅದನ್ನು ಯಾರೂ ಗಮನಿಸಲಿಲ್ಲ. ಮೇನ್ ಇಳಿದ ಮೇಲೆ ಅದು ಹೇಗಿದ್ದರೇನು.

ಕಳ್ಳ ಸಿಕ್ಕಿದ ಎಂದು ಮೆಕ್ಯಾನಿಕ್ ಬಾಯಿಯ ರಸ ಹೊರಗೆ ಉಗುಳಿ ಬಂದರು. ಬಂಗಲೆಗೆ ಹೋಗುವ ತಂತಿಯನ್ನು ಮೊದಲ ಮರದಿಂದ ನೋಡಿಕೊಂಡು ಬರಲಿ ಎಂದು ಹೇಳಿ ಕಳಿಸಿದರು. ಮೊದಲ ಸಿಲ್ವರ್ ಓಕ್ ಮರ ಕೊಟ್ಟಿಗೆಯ ಪಕ್ಕದಲ್ಲೇ, ಮೂವತ್ತು ಹೆಜ್ಜೆಯಲ್ಲಿ. ಫಿಟ್ಟರ್ ಏಣಿ ಹಾಕಿ ಹತ್ತಿದ. ನಾಲ್ಕೈದು ನಿಮಿಷವೂ ಆಗಿರಲಿಲ್ಲ, ಮೇಲಿನಿಂದ ಕೂಗಿ ಹೇಳಿದ, ಸಿಕ್ಕಿತು ರೈಟರೇ ಎಂದು. ಮರ ಆಡಿ ಆಡಿ ತಂತಿಯ ಮೇಲಿನ ಹೊದಿಕೆ ತಿಂದುಹೋಗಿತ್ತು. ಗಾಳಿಗೆ ಎರಡು ತಂತಿಯೂ ಕಬ್ಬಿಣದ ಪಟ್ಟಿಗೆ ತಾಗುತ್ತಿದ್ದವು. ತಂತಿ ಎಳೆಯುವಾಗಲೇ ಅವನು ಹೇಳಿದ್ದು ಅದನ್ನೇ. ಅವನ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ ನನಗೂ ಎದೆ ತುಂಬಿ ಬಂತು. ಇನ್ನು ಇವನು ಎಲ್ಲಿಗೂ ಹೋಗಬೇಕಾಗಿಲ್ಲ ಎಂದುಕೊಂಡೆ.

ನಾನು ಒಳಗೆ ತಲೆ ಹಾಕಿ, ಸಿಕ್ಕಿತಂತೆ ಎಂದೆ. ಅವನು ಇನ್ನೂ ಮೇಲೆಯೇ ಇದ್ದಾನೆ, ಸರಿ ಮಾಡುತ್ತಿದ್ದಾನೆ ಎಂದು ಹೇಳಲಿಲ್ಲ. ಮೆಕ್ಯಾನಿಕ್ ತಲೆಯಾಡಿಸಿ ಬೆಲ್ಟಿನ ಕಡೆ ತಿರುಗಿದರು. ಮತ್ತೆ ಸ್ವಲ್ಪ ಹೊತ್ತು ಕಳೆಯಿತು. ಅವರು ಬೋರ್ಡಿನ ಮುಂದೆ ಬಂದು ನಿಂತು ಗದ್ದಲದ ಮೇಲೆ ಕೂಗಿ ಕೇಳಿದರು.

"ಲೈನ್ ಕೊಡ್ಲೇನ್ರೀ?"

ಅವರ ಮುಂದೆ ಬೋರ್ಡಿನಲ್ಲಿ ನಾನೇ ದುಂಡಗೆ ಬರೆದ ಅಕ್ಷರವಿತ್ತು. ಪಲ್ಪರ್ ನೋಡಿಯಾಯಿತು, ಬಂಗಲೆ ಕೆಟ್ಟಿರುವುದು ಗೊತ್ತಾಯಿತು, ಉಳಿದದ್ದು ಲೈನು. ಒಂದೊಂದೇ ಸೇರಿಸುತ್ತ ಹೋಗುವುದು ಎಂದು ಅವರೇ ಹೇಳಿದ್ದರಲ್ಲ. ಫಿಟ್ಟರ್ ಇದ್ದದ್ದು ಬಂಗಲೆಯ ತಂತಿಯ ಮೇಲೆ, ಲೈನಿನ ತಂತಿ ಹೋಗುವುದು ಇನ್ನೊಂದು ದಿಕ್ಕಿಗೆ. ಇಷ್ಟೂ ನನ್ನ ತಲೆಯಲ್ಲಿ ಒಂದು ಕ್ಷಣದಲ್ಲಿ ಹಾದುಹೋಯಿತು, ಎಲ್ಲವೂ ಸರಿಯಾಗಿಯೇ ಇತ್ತು. ಲೈನಿನಲ್ಲಿ ಇವತ್ತು ದೀಪ ಬರುತ್ತದೆ ಎಂದು ಖುಷಿಯೂ ಆಯಿತು.

"ಕೊಡಿ" ಎಂದು ನಾನೂ ಅಷ್ಟೇ ಜೋರಾಗಿ ಕೂಗಿದೆ.

ಅವರು ಮೇನ್ ಸ್ವಿಚ್ಚು ಎತ್ತಿದರು, 'ಬಂಗಲೆ' ಆಗಲೇ ಮೇಲಿತ್ತು. ಮೈಸೂರಿನ ಆ ಮನುಷ್ಯನಿಗೆ ಲೈನ್ ಎಂದರೆ ಕರೆಂಟು. ಯಂತ್ರ ಮುಟ್ಟುವವರೆಲ್ಲ ಹಾಗೆಯೇ ಹೇಳುವುದು.

ಎಂಜಿನ್ನು ನರಳಿತು. ಇನ್ನೂ ಇದೆಯಲ್ರೀ ಎಂದು ಮೆಕ್ಯಾನಿಕ್ ಬೇಸರದಿಂದ ಅಂದರು. ಹೊರಗೆ ಯಾರೂ ಕಿರುಚಲಿಲ್ಲ. ಏಣಿ ಮರವನ್ನು ಉಜ್ಜಿಕೊಂಡು ಜಾರುವ ಶಬ್ದ ಕೇಳಿ ನಾನು ತಿರುಗಿ ನೋಡಿದೆ. ಫಿಟ್ಟರ್ ಏಣಿಯ ಮೇಲೆ ಇರಲಿಲ್ಲ. ಎರಡೂ ಕೈಯಿಂದ ಜೋತಾಡುತ್ತಿದ್ದ, ಒಂದು ಕೈ ತಂತಿಯಲ್ಲಿ, ಒಂದು ಕೈ ಪಟ್ಟಿಯಲ್ಲಿ. ನಾನು ಏನು ಕೂಗಿದೆನೋ ತಿಳಿಯದು. ಸ್ವಿಚ್ಚು ಇಳಿಯಿತು, ಅಷ್ಟರಲ್ಲೇ ತಂತಿಯೂ ಹರಿದು ಅವನ ಸಮೇತ ಕೆಳಗೆ ಬಂತು. ಕಾಫಿ ಗಿಡಗಳ ಮೇಲೆ ಬಿದ್ದದ್ದರಿಂದ ಬೆನ್ನು ಉಳಿಯಿತು. ಅವನ ಅಂಗೈಗಳನ್ನು ನೋಡಿದ ಮೇಲೆ ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಎತ್ತಿ ಜೀಪಿಗೆ ಹಾಕಿದವರು ಬೇರೆಯವರು.

ಮಾರನೆಯ ದಿನ ಮೆಕ್ಯಾನಿಕ್ ಆ ಮರವನ್ನು ಬಿಟ್ಟು ಒಂದು ಕಂಬ ನೆಡಿಸಿ ಬೇರೆ ತಂತಿ ಎಳೆದರು. ಯಂತ್ರ ನಿಲ್ಲದೆ ಓಡಿತು. ಬಂಗಲೆಯಲ್ಲಿ, ಪಲ್ಪರ್ ಮನೆಯಲ್ಲಿ, ಲೈನಿನಲ್ಲಿ ದೀಪ ಹತ್ತಿತು. ಫಿಟ್ಟರನ ಮನೆಯಲ್ಲಿ ಹತ್ತಿದ್ದನ್ನು ನೋಡಲು ಯಾರೂ ಇರಲಿಲ್ಲ, ಅವನ ಹೆಂಡತಿ ಆಸ್ಪತ್ರೆಯಲ್ಲಿದ್ದಳು. ಹೊರಡುವ ಮುಂಚೆ ಮೆಕ್ಯಾನಿಕ್ ನನ್ನನ್ನು ಪಕ್ಕಕ್ಕೆ ಕರೆದು, ನೀವು ಕೊಡಿ ಅಂದ್ರಿ ತಾನೆ ಎಂದು ಕೇಳಿದರು. ಹೌದು ಎಂದೆ. ಇಳಿದಿದ್ದಾನೋ ಇಲ್ಲವೋ ಎಂದು ನಾನು ಬಂದು ನೋಡಬೇಕಿತ್ತು, ನನ್ನದೂ ತಪ್ಪೇ ಎಂದು ಅವರು ನೆಲ ನೋಡುತ್ತ ಹೇಳಿದರು. ಇಬ್ಬರೂ ಈ ಮಾತನ್ನು ಮತ್ತೆ ಎತ್ತಲಿಲ್ಲ.

ಸರ್ಕಾರಕ್ಕೆ ಕಳಿಸುವ ವರದಿ ಬರೆಯಬೇಕಾದವನು ನಾನು. ಏನಾಯಿತು ಎಂದು ದೊರೆ ಕೇಳಿದಾಗ, ಯಂತ್ರ ಓಡುತ್ತಿರುವಾಗ ಫಿಟ್ಟರ್ ತಂತಿ ಮುಟ್ಟಿದ ಎಂದೆ. ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ. ಹಾಗೇ ಬರೆದುಬಿಡು ಎಂದರು ಅವರು. ಹಾಳೆ ತೆಗೆದು 'ಕೂರ್ಗ್' ಹೊಡೆದು 'ಮೈಸೂರು ರಾಜ್ಯ' ಎಂದು ಬರೆದೆ. ಕೆಳಗೆ 'ಫಿಟ್ಟರನ ಅಜಾಗರೂಕತೆಯಿಂದ ಸಂಭವಿಸಿದ ಅಪಘಾತ' ಎಂದು ಬರೆದೆ. ಸತ್ಯ ಬರೆದರೆ ನನ್ನ ಕೆಲಸ ಹೋಗುತ್ತದೆ, ಊರಿನಲ್ಲಿ ತಲೆ ಎತ್ತುವ ಹಾಗಿಲ್ಲ ಎಂದು ನನಗೆ ಭಯವಾಗಿತ್ತು. ಬೇರೆ ಯಾವ ಕಾರಣವೂ ಇರಲಿಲ್ಲ, ಇತ್ತೆಂದು ಈಗ ಕಟ್ಟಿ ಹೇಳುವುದೂ ಬೇಡ.

ಅವನಿಗೆ ಓದಿ ಹೇಳಿ ಸಹಿ ತರಬೇಕಿತ್ತು. ಆಸ್ಪತ್ರೆಗೆ ಹೋದೆ. ಎರಡು ಕೈಗೂ ಮೊಣಕೈವರೆಗೆ ಬಟ್ಟೆ ಸುತ್ತಿದ್ದರು. ಮಂಚದ ಪಕ್ಕದಲ್ಲಿ ಹೆಂಡತಿ ಅವನಿಗೆ ಗಂಜಿ ಕುಡಿಸುತ್ತಿದ್ದಳು. ನಾನು ಓದಿದೆ. 'ಅಜಾಗರೂಕತೆ' ಎಂಬ ಪದ ಅವನಿಗೆ ತಿಳಿಯದೇ ಇರಲಿ ಎಂದು ಒಳಗೊಳಗೇ ಬೇಡಿಕೊಂಡೆ. ಅವನು ಅದನ್ನೇ ಹಿಡಿದು, ಹಾಗಂದರೆ ಏನು ಎಂದು ಕೇಳಿದ. ಜಾಗ್ರತೆ ಇಲ್ಲದೆ ಮಾಡಿದ್ದು ಎಂದೆ. ಅವನು ನನ್ನ ಮುಖ ನೋಡಿ ಹೇಳಿದ.

"ಸರಿ ಉಂಟು ರೈಟರೇ. ಹಾಗೆಯೇ ಇರ್ಲಿ."

ಮಲಯಾಳದಲ್ಲಿ ಚೆಂದವಾಗಿ ಸಹಿ ಹಾಕುತ್ತಿದ್ದವನು. ಮಸ್ಟರಿನ ಪುಸ್ತಕದಲ್ಲಿ ಹೆಬ್ಬೆಟ್ಟುಗಳ ನಡುವೆ ಅವನದೊಂದೇ ಅಕ್ಷರ ಎದ್ದು ಕಾಣುತ್ತಿತ್ತು. ಈಗ ಹೆಬ್ಬೆಟ್ಟಿಗೂ ಕೈ ಇರಲಿಲ್ಲ. ಕೈ ಇಲ್ಲದಿದ್ದರೆ ಕಾಲಿನ ಹೆಬ್ಬೆರಳು ಒತ್ತಿಸಿಕೊಂಡರೂ ನಡೆಯುತ್ತದೆ ಎಂದು ಯಾರೋ ಹೇಳಿದ್ದರು. ನಾನು ಹೊದಿಕೆ ಸರಿಸಿ ಅವನ ಎಡಗಾಲನ್ನು ಹಿಡಿದು, ಹೆಬ್ಬೆರಳಿಗೆ ಶಾಯಿ ಹಚ್ಚಿ, ಹಾಳೆಯನ್ನು ಅದಕ್ಕೆ ಒತ್ತಿದೆ. ಅವನ ಹೆಂಡತಿ ಎದ್ದು ಒದ್ದೆ ಬಟ್ಟೆಯಿಂದ ಆ ಶಾಯಿಯನ್ನು ಒರೆಸಿದಳು. ಬಲ್ಬು ಒರೆಸುತ್ತಿದ್ದ ಹಾಗೆಯೇ, ಅವಸರವಿಲ್ಲದೆ.

ಬಟ್ಟೆ ಬಿಚ್ಚಿದಾಗ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು, ಮತ್ತೆ ಬಿಡಿಸಿಕೊಳ್ಳಲಿಲ್ಲ. ಅವನನ್ನು ಆ ಪಿಕ್ಕಿಂಗ್ ಮುಗಿಯುವವರೆಗೆ ಕಣದಲ್ಲಿ ಇಟ್ಟುಕೊಂಡರು. ಒಣಹಾಕಿದ ಕಾಫಿಯನ್ನು ಕಾಲಿನಿಂದ ತಿರುವುತ್ತ, ದನ ಬಂದರೆ ಓಡಿಸುತ್ತ ಇದ್ದ. ಹೊಸದಾಗಿ ಬಂದ ಎಂಜಿನ್ನಿನವನಿಗೆ ಆಗಾಗ ಹೋಗಿ ಹೇಳಿಕೊಡುತ್ತಿದ್ದ. ತಂತಿ ಮುಟ್ಟುವ ಮೊದಲು ನೀನೇ ಬಂದು ಸ್ವಿಚ್ಚು ನೋಡಬೇಕು, ನನ್ನ ಹಾಗೆ ಮಾಡಬೇಡ ಎಂದು ಹೇಳಿದ್ದು ಒಮ್ಮೆ ನನ್ನ ಕಿವಿಗೂ ಬಿತ್ತು. ನಾನು ಬಂದ ದಾರಿಯಲ್ಲೇ ತಿರುಗಿ ಹೋದೆ. ನಾಳೆ ಹೇಳುತ್ತೇನೆ, ಈ ವಾರ ಹೇಳುತ್ತೇನೆ ಎಂದುಕೊಳ್ಳುತ್ತಲೇ ಪಿಕ್ಕಿಂಗ್ ಮುಗಿಯಿತು. ಕಣ ಖಾಲಿಯಾಯಿತು, ಕಣದ ಕಾವಲಿಗೆ ಆಳು ಬೇಡವಾಯಿತು. ಲೈನಿನ ಕೊನೆಯ ಮನೆಯನ್ನು ಬೇರೆಯವರಿಗೆ ಕೊಡುವಂತೆ ದೊರೆ ಹೇಳಿದರು.

ವಿರಾಜಪೇಟೆ ಬಸ್ಸು ಹತ್ತಿಸಲು ನಾನು ಸಿದ್ದಾಪುರಕ್ಕೆ ಹೋದೆ. ಅಲ್ಲಿಂದ ಅವರು ಘಾಟಿ ಇಳಿದು ಊರಿಗೆ ಹೋಗುವವರು. ಹೆಂಡತಿ ತಗಡಿನ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಸಲು ಹೋದಳು. ಗಾಜಿನ ಬುರುಡೆಯನ್ನು ಬಟ್ಟೆಯಲ್ಲಿ ಸುತ್ತಿ ಕೈಯಲ್ಲೇ ಇಟ್ಟುಕೊಂಡಿದ್ದಳು. ನಾವಿಬ್ಬರೇ ನಿಂತಿದ್ದೆವು. ಇನ್ನು ತಡೆಯಲು ಆಗದೆ, ನಿನಗೊಂದು ಮಾತು ಹೇಳುವುದಿದೆ ಎಂದು ನಾನು ಶುರು ಮಾಡಿದೆ. ಆ ದಿನದ ವಿಷಯ ಎಂದೆ. ಅವನು ತಲೆ ಅಲ್ಲಾಡಿಸಿದ.

"ನನಗೆ ಕೇಳಿತ್ತು ರೈಟರೇ. ಮರದ ಮೇಲೆ ಇದ್ದವನಿಗೆ ಎಲ್ಲ ಕೇಳ್ತದೆ. ಅವರು ಲೈನ್ ಕೊಡ್ಲಾ ಅಂದದ್ದೂ ಕೇಳಿತ್ತು, ನೀವು ಕೊಡಿ ಅಂದದ್ದೂ ಕೇಳಿತ್ತು."

ಕೇಳಿದ ಮೇಲೆ ಯಾಕೆ ಕೈ ತೆಗೆಯಲಿಲ್ಲ ಎಂದೆ.

"ನಮ್ಮ ಲೈನಿಗೆ ಅಂತ ಎಣಿಸಿದೆ. ನೀವು ಎಣಿಸಿದ ಹಾಗೆಯೇ. ಅಲ್ಲಿಂದ ನಮ್ಮ ಮನೆ ಕಾಣ್ತದೆ, ಗೊತ್ತುಂಟಾ? ಬಾಗಿಲು ತೆರೆದಿತ್ತು. ದೀಪ ಬರುದು ನೋಡುವ ಅಂತ ಆಚೆ ತಿರುಗಿದೆ. ಕೈ ತಂತಿಯಲ್ಲೇ ಇತ್ತು."

ಇಷ್ಟು ತಿಂಗಳು ಯಾಕೆ ಹೇಳಲಿಲ್ಲ, ವರದಿ ಓದಿದಾಗಲಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದರೆ ನಿಮ್ಮ ಕೆಲಸ ಹೋಗುತ್ತಿತ್ತು, ನನ್ನದು ಹೇಗೂ ಹೋಗಿತ್ತು ಎಂದ. ಅದರಲ್ಲಿ ದೊಡ್ಡಸ್ತಿಕೆಯಾಗಲೀ ಚುಚ್ಚುವುದಾಗಲೀ ಇರಲಿಲ್ಲ. ಎಂಜಿನ್ನಿನಲ್ಲಿ ಯಾವ ಭಾಗ ಉಳಿಯುತ್ತದೆ, ಯಾವುದು ಹೋಯಿತು ಎಂದು ನೋಡಿ ಹೇಳುವವನ ದನಿ. ಕಂಡಕ್ಟರ್ ಟಿಕೆಟ್ ಹರಿದು ಕೊಡಲು ಬಂದ. ಮಡಚಿದ ಬೆರಳುಗಳಿಗೆ ಅದು ಸಿಗಲಿಲ್ಲ, ಕೆಳಗೆ ಬಿತ್ತು. ನಾನು ಎತ್ತಿ ಅವನ ಅಂಗಿಯ ಜೇಬಿಗೆ ಹಾಕಿದೆ. ಕ್ಷಮಿಸು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು, ಬಸ್ಸು ಹೊರಟುಹೋಯಿತು.

ಎಸ್ಟೇಟಿಗೆ ಬಂದು ನೇರ ಆಫೀಸಿಗೆ ಹೋದೆ. ಫೈಲು ತೆಗೆದು ಆ ವರದಿಯನ್ನು ಹುಡುಕಿದೆ. 'ಕೂರ್ಗ್' ಹೊಡೆದು ಹೊಡೆದು ಪಳಗಿದ ಕೈ. 'ಫಿಟ್ಟರನ' ಎಂಬುದರ ಮೇಲೆ ನೇರವಾಗಿ ಒಂದು ಗೆರೆ, ಓದಲು ಸಿಗುವ ಹಾಗೆ, ಹೊಡೆದೆ. ಪಕ್ಕದಲ್ಲಿ 'ರೈಟರನ' ಎಂದು ಬರೆದು ಸಹಿ ಹಾಕಿದೆ. ಕೆಳಗೆ ಖಾಲಿ ಜಾಗವಿತ್ತು, ಅವನ ಕಾಲಿನ ಗುರುತು ಅದರಲ್ಲಿ ಇರಲಿಲ್ಲ. ಅದು ಕಾರ್ಬನ್ ಪ್ರತಿ. ಅಸಲು ಸರ್ಕಾರಕ್ಕೆ ಹೋಗಿ ನಾಲ್ಕು ತಿಂಗಳಾಗಿತ್ತು.